ಉಪವಾಸವೂ ಚಾರಣವೂ ಒಂದೇ ದಿನವೇ?

ಪ್ರಶ್ನೆ: ನನಗೆ 32 ವರ್ಷ. ಕೆಲಸ, ಮೊಬೈಲ್, ನಿದ್ದೆ, ಇಷ್ಟರಲ್ಲೇ ದಿನ ಕಳೆಯುತ್ತಿದೆ. ಮುಂದಿನ ಏಕಾದಶಿಯಂದು ನಿರಾಹಾರವಾಗಿ ಕುಮಾರ ಪರ್ವತ ಹತ್ತಿ, ತುದಿಯಲ್ಲಿ ಕುಳಿತು ಪುಸ್ತಕ ಓದಬೇಕೆಂದಿದ್ದೇನೆ. ಮನಸ್ಸು ಗಟ್ಟಿಯಾಗುವುದೇ?
– ಓದುಗ, ಹಾಸನ

ಉತ್ತರ: ಮೂರನ್ನೂ ಮಾಡಿ, ಆದರೆ ಒಂದೇ ದಿನ ಖಂಡಿತ ಬೇಡ. ಇಪ್ಪತ್ತಾರರ ವಯಸ್ಸಿನಲ್ಲಿ ನಾನು ಇದೇ ತಪ್ಪು ಮಾಡಿದ್ದೆ. ಕುಕ್ಕೆಯಿಂದ ದಾರಿ ನಡುವಿನ ಗಿರಿಗದ್ದೆಯವರೆಗೆ ಕಾಡಿನ ನೆರಳು, ಹಸಿವು ಗೊತ್ತಾಗಲಿಲ್ಲ. ಅಲ್ಲಿಂದ ಮೇಲೆ ಬರೀ ಹುಲ್ಲುಗಾವಲು, ನೆತ್ತಿ ಸುಡುವ ಬಿಸಿಲು. ಕೈ ನಡುಗಿತು, ಕಣ್ಣಿಗೆ ಕತ್ತಲೆ ಕವಿಯಿತು, ಬಂಡೆಗೆ ಒರಗಿ ಕುಸಿದೆ. ಇಳಿದು ಬರುತ್ತಿದ್ದ ಹಿರಿಯರೊಬ್ಬರು ಚೀಲದಿಂದ ಬೆಲ್ಲದ ತುಂಡೊಂದನ್ನು ತೆಗೆದು, "ಮೊದಲು ಇದನ್ನು ತಿನ್ನಮ್ಮಾ, ವ್ರತವನ್ನು ಸುಬ್ರಹ್ಮಣ್ಯ ನೋಡಿಕೊಳ್ಳುತ್ತಾನೆ" ಎಂದರು. ಬೆಲ್ಲಕ್ಕೆ ಕಾಗದದ ಚೂರು ಅಂಟಿತ್ತು. ಅದನ್ನು ಬಿಡಿಸುವಷ್ಟೂ ತಾಳ್ಮೆ ನನಗಿರಲಿಲ್ಲ. 1,712 ಮೀಟರ್ ಎತ್ತರದ ಆ ಶಿಖರ ಅಂದು ನನಗೆ ದಕ್ಕಲಿಲ್ಲ.

ಉಪವಾಸವನ್ನು ಮನೆಯಲ್ಲಿರುವ ದಿನಕ್ಕಿಡಿ. ನೀರು ಬಿಡಬೇಡಿ. ಸಕ್ಕರೆ ಕಾಯಿಲೆಗೆ ಔಷಧಿ ಸೇವಿಸುತ್ತಿದ್ದರೆ ವೈದ್ಯರನ್ನು ಕೇಳದೆ ಮುಂದುವರಿಯಲೇಬೇಡಿ. ಅಡುಗೆ, ಊಟದ ಹೊತ್ತು ಉಳಿಯುತ್ತದಲ್ಲ, ಅದೇ ಓದಿಗೆ ಪ್ರಶಸ್ತ. ಆ ದಿನ ಬೆಟ್ಟದ ಮೇಲ್ಭಾಗದ ಶೋಲಾ ಕಾಡಿನ ಬಗ್ಗೆ ಓದಿ. ಕಣಿವೆಯ ಮಡಿಲಲ್ಲಷ್ಟೇ ಮರಗಳು, ಗುಡ್ಡದ ಮೈಯೆಲ್ಲ ಹುಲ್ಲು. ಓದಿ ಹೋದವರ ಕಣ್ಣಿಗೆ ಆ ಬೆಟ್ಟ ಬೇರೆಯೇ ಆಗಿ ಕಾಣುತ್ತದೆ, ಇದು ನನ್ನ ಅನುಭವ.

ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೊರಡಿ. ಚೀಲದಲ್ಲಿ ಬೆಲ್ಲ, ಹುರಿಗಡಲೆ ಇರಲಿ.