1996ರ ಬೋರ್ಡೋ: ಕಂದು ಬಣ್ಣ, ತಳದಲ್ಲಿ ಗಸಿ. ವೈನ್ ಕೆಟ್ಟಿದೆಯಾ?

ಪ್ರಶ್ನೆ: ನಾವು ಧಾರವಾಡದವರು, ಏಳು ವರ್ಷದಿಂದ ಫ್ರಾನ್ಸಿನ ಟುಲೂಸ್‌ನಲ್ಲಿದ್ದೇವೆ. ನಮ್ಮ ಯಜಮಾನರ ಆಫೀಸಿನ ಹಿರಿಯರೊಬ್ಬರು ನಿವೃತ್ತರಾಗುವಾಗ ತಮ್ಮ ನೆಲಮಾಳಿಗೆಯಿಂದ ಬೋರ್ಡೋ ಪ್ರದೇಶದ ಸಾಂ ಜೂಲಿಯಾಂ ಊರಿನ 1996ರ ರೆಡ್ ವೈನ್ ಎರಡು ಬಾಟಲಿ ಕೊಟ್ಟರು. ಮದುವೆಯ ವಾರ್ಷಿಕೋತ್ಸವಕ್ಕೆ ಒಂದನ್ನು ತೆಗೆದೆವು. ಕಾರ್ಕ್ ಅರ್ಧಕ್ಕೇ ಮುರಿಯಿತು. ಅದರ ತುದಿಗೆ ಸಕ್ಕರೆಯಂಥ ಹರಳು ಅಂಟಿತ್ತು. ಬಣ್ಣ ಕೆಂಪಿಗಿಂತ ಕಂದು, ಕೊನೆಯಲ್ಲಿ ಕಾಫಿ ಗಸಿಯಂಥದ್ದು ಬಂತು. ಸುರಿದಾಗ ತರಗೆಲೆ ವಾಸನೆ, ಹಣ್ಣಿನ ರುಚಿ ಇಲ್ಲವೇ ಇಲ್ಲ. ಗಾಳಿಯಾಡಲಿ ಅಂತ ಮಧ್ಯಾಹ್ನವೇ ಜಗ್ಗಿಗೆ ಸುರಿದಿಟ್ಟು, ರಾತ್ರಿ ಮಟನ್ ಬಿರಿಯಾನಿ ಜೊತೆ ಕುಡಿದೆವು. ಸಪ್ಪೆ, ಹುಳಿ ಅಷ್ಟೇ. ಕೆಟ್ಟಿತ್ತಾ? ಇನ್ನೊಂದು ಬಾಟಲಿ ಅಡುಗೆಗೆ ಹಾಕಲಾ?

ಉತ್ತರ: ದಯವಿಟ್ಟು ಅಡುಗೆಗೆ ಹಾಕಬೇಡಿ! ಬಾಟಲಿ ತೆಗೆದ ಹೊತ್ತಿನಲ್ಲಿ ನೀವು ಕಂಡಿದ್ದೆಲ್ಲ, ಆ ಬಣ್ಣ, ಗಸಿ, ಹರಳು, ತರಗೆಲೆ ವಾಸನೆ ಎಲ್ಲವೂ, ಚೆನ್ನಾಗಿ ಮಾಗಿದ ಬೋರ್ಡೋದಲ್ಲಿ ಇರಬೇಕಾದ್ದೇ. ನನ್ನ ಪ್ರಕಾರ ಆ ವೈನ್ ಮಧ್ಯಾಹ್ನ ಚೆನ್ನಾಗಿಯೇ ಇತ್ತು. ರಾತ್ರಿ ಹೊತ್ತಿಗೆ ಜಗ್ಗಿನಲ್ಲಿ ಅದರ ಜೀವ ಹೋಗಿತ್ತು.

ಸಾಂ ಜೂಲಿಯಾಂ ಇರುವುದು ಬೋರ್ಡೋದ ಮೆಡೊಕ್ ಸೀಮೆಯಲ್ಲಿ, ಜಿರೋಂದ್ ಅಳಿವೆಯ ಎಡದಂಡೆಯ ಮೇಲೆ. ಅಲ್ಲಿಯ ನೆಲದ ತುಂಬ ಉರುಟು ಬೆಣಚುಕಲ್ಲು. ನೀರು ನಿಲ್ಲುವುದಿಲ್ಲ, ಬಿಸಿಲಿನ ಕಾವು ಕಲ್ಲಿನಲ್ಲಿ ಉಳಿಯುತ್ತದೆ. ಕ್ಯಾಬರ್ನೆ ಸೊವಿನ್ಯೋಂ ದ್ರಾಕ್ಷಿಗೆ ಹೇಳಿ ಮಾಡಿಸಿದ ಜಾಗ. ಚಿಕ್ಕ ಕಾಳು, ದಪ್ಪ ಸಿಪ್ಪೆ, ಹಾಗಾಗಿ ಟ್ಯಾನಿನ್ ಜಾಸ್ತಿ. ಟ್ಯಾನಿನ್ ಅಂದರೆ ಏನೋ ಹೊಸದಲ್ಲ, ನಮ್ಮ ಒಗರು. ಎಳೇ ಅಡಿಕೆ ಅಗಿದರೆ, ಹಸಿ ನೆಲ್ಲಿಕಾಯಿ ಕಚ್ಚಿದರೆ ಒಸಡು ಹಿಡಿದುಕೊಳ್ಳುತ್ತದಲ್ವಾ, ಅದೇ. ಈ ದ್ರಾಕ್ಷಿಯ ವೈನನ್ನು 225 ಲೀಟರಿನ ಓಕ್ ಪೀಪಾಯಿಯಲ್ಲಿ ಒಂದೂವರೆ ವರ್ಷದ ಆಸುಪಾಸು ಇಟ್ಟು ಬಾಟಲಿಗೆ ತುಂಬುತ್ತಾರೆ. ಆಗ ಕುಡಿದರೆ ನಾಲಿಗೆ ಒಣಗುತ್ತದೆ. 1996 ಎಡದಂಡೆಯ ಕ್ಯಾಬರ್ನೆಗೆ ಒಳ್ಳೆಯ ವರ್ಷ, ಒಗರೂ ಹುಳಿಯೂ ಗಟ್ಟಿಯಾಗಿದ್ದ ವರ್ಷ. ಅಂಥ ವೈನನ್ನು ಕಾದು ಕುಡಿಯಬೇಕು.

ಕಾದರೆ ಏನಾಗುತ್ತದೆ? ಬಾಳೆಕಾಯಿ ನೆನಪಿಸಿಕೊಳ್ಳಿ. ಕಾಯಿ ಒಗರು, ಹಣ್ಣಾದ ಮೇಲೆ ಒಗರು ಮಾಯ. ಒಳಗಿನ ಟ್ಯಾನಿನ್ ಒಂದಕ್ಕೊಂದು ಹೆಣೆದುಕೊಂಡು ನಾಲಿಗೆಗೆ ಸಿಗದಂತಾಗುವುದೇ ಅದಕ್ಕೆ ಮುಖ್ಯ ಕಾರಣ. ವೈನ್ ಬಾಟಲಿಯಲ್ಲೂ ಇದನ್ನು ಹೋಲುವ ಕೆಲಸವೇ ನಡೆಯುತ್ತದೆ, ಆದರೆ ದಿನಗಳಲ್ಲಿ ಮುಗಿಯುವುದಿಲ್ಲ, ದಶಕಗಳು ಹಿಡಿಯುತ್ತವೆ. ಟ್ಯಾನಿನ್ನೂ ಬಣ್ಣದ ಕಣಗಳೂ ಕೂಡಿಕೊಂಡು ಭಾರವಾಗಿ ತಳಕ್ಕೆ ಇಳಿಯುತ್ತವೆ. ನೀವು ನೋಡಿದ ಗಸಿ ಅದೇ. ಒಂದು ಕಾಲಕ್ಕೆ ವೈನಿಗೆ ನೇರಳೆ ಬಣ್ಣ ಕೊಟ್ಟಿದ್ದೂ ಅದೇ. ಮೇಲಿನ ವೈನ್ ಕೆಂಪಿನಿಂದ ಇಟ್ಟಿಗೆ ಬಣ್ಣಕ್ಕೆ, ಅಂಚಿನಲ್ಲಿ ಕಿತ್ತಳೆ ಛಾಯೆಗೆ ತಿರುಗುತ್ತದೆ. ಗ್ಲಾಸನ್ನು ಬಿಳಿ ಹಾಳೆಯ ಮೇಲೆ ಓರೆ ಹಿಡಿದು ಅಂಚನ್ನು ನೋಡಿ, ವಯಸ್ಸು ಅಲ್ಲಿ ಕಾಣುತ್ತದೆ.

ಹರಳಿನ ವಿಷಯ ಹೇಳಲು ನನಗೆ ತುಂಬಾ ಖುಷಿ. ದ್ರಾಕ್ಷಿಯ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ. ನಮ್ಮ ಹುಣಸೆಹಣ್ಣಿನ ಹುಳಿಯೂ ಅದೇ! ತಂಪಿನಲ್ಲಿ ಆ ಆಮ್ಲ ಪೊಟ್ಯಾಸಿಯಂ ಜೊತೆ ಸೇರಿ ಹರಳುಗಟ್ಟುತ್ತದೆ. ಯಾವ ಅಪಾಯವೂ ಇಲ್ಲ.

ಇನ್ನು ತರಗೆಲೆ. ಎಳೆಯ ಮೆಡೊಕ್ ವೈನ್ ಮೂಸಿದರೆ ಬ್ಲ್ಯಾಕ್‌ಕರಂಟ್ ಐಸ್‌ಕ್ರೀಮ್ ನೆನಪಾಗುತ್ತದೆ. ವರ್ಷ ಕಳೆದಂತೆ ಆ ಹಣ್ಣು ಹಿಂದೆ ಸರಿದು ಬೇರೆ ಕಂಪು ಮುಂದೆ ಬರುತ್ತದೆ: ಆಗಷ್ಟೇ ಹೆರೆದ ಪೆನ್ಸಿಲ್, ಒಣ ತಂಬಾಕು, ಹೊಸ ಚರ್ಮದ ಚಪ್ಪಲಿ, ಅಣಬೆ, ಮಳೆ ನಿಂತ ಮೇಲಿನ ಕಾಡಿನ ನೆಲ. ಇಷ್ಟು ವರ್ಷ ಕಾದಿದ್ದೇ ಇವುಗಳಿಗಾಗಿ. ಹಣ್ಣನ್ನು ಹುಡುಕುತ್ತಾ ಕೂತರೆ ಇವು ಕಣ್ಣ ಮುಂದೆಯೇ ಹಾದುಹೋಗುತ್ತವೆ. ಒಂದು ಎಚ್ಚರಿಕೆ ಮಾತ್ರ: ಒದ್ದೆಯಾದ ರಟ್ಟಿನ ಪೆಟ್ಟಿಗೆಯ ವಾಸನೆ ಬಂದು, ಹೊತ್ತು ಹೋದಂತೆ ಅದು ಹೆಚ್ಚುತ್ತಲೇ ಇದ್ದರೆ ಕಾರ್ಕಿನ ದೋಷ. ಟಿಸಿಎ ಎಂಬ ರಾಸಾಯನಿಕ, ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಬಡಿಯುತ್ತದೆ. ಆರೋಗ್ಯಕ್ಕೆ ಹಾನಿಯಿಲ್ಲ, ಆದರೆ ಕುಡಿಯುವ ಸುಖ ಇರುವುದಿಲ್ಲ.

ಎಡವಟ್ಟಾಗಿದ್ದು ಜಗ್ಗಿನಲ್ಲಿ. ಗಾಳಿಯಾಡಿಸುವುದು ಎಳೆಯ, ಒರಟು ವೈನಿಗೆ ಸರಿ. ಹಳೇ ವೈನಿನಲ್ಲಿ ಉಳಿದಿರುವುದು ಬಲು ನಾಜೂಕಿನ ಕಂಪು, ಗಂಟೆಗಟ್ಟಲೆ ತೆರೆದಿಟ್ಟರೆ ಅದು ಹಾರಿಹೋಗಿ ಹುಳಿ ಮಾತ್ರ ಉಳಿಯುತ್ತದೆ. ಬೋರ್ಡೋದಲ್ಲಿ ದಶಕಗಳ ಕಾಲ ವೈನ್ ವಿಜ್ಞಾನದ ಪಾಠ ಹೇಳಿದ ಎಮಿಲ್ ಪೇನೊ ಅವರ ಸಲಹೆಯೂ ಇದೇ: ಗಸಿ ಇದ್ದರೆ ಮಾತ್ರ ಬಸಿಯಿರಿ, ಅದೂ ಕುಡಿಯುವ ಹೊತ್ತಿಗೆ. ನಾನೂ ಬೋರ್ಡೋದಲ್ಲಿ ಕಲಿಯುತ್ತಿದ್ದಾಗ ಹೀಗೇ ಒಂದು ಒಳ್ಳೆಯ ಬಾಟಲಿಯನ್ನು ಮೂರು ಗಂಟೆ ತೆರೆದಿಟ್ಟು ಕಳೆದುಕೊಂಡೆ, ಆ ಬೇಸರ ಇವತ್ತಿಗೂ ಹೋಗಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಎರಡನೇ ಬಾಟಲಿ. ಎರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲಿ. ಕುಡಿಯುವಾಗ ವೈನ್ 16ರಿಂದ 18 ಡಿಗ್ರಿ ಇರಬೇಕು. ರೆಡ್ ವೈನನ್ನು ಕೋಣೆಯ ಬಿಸಿಯಲ್ಲಿ ಕುಡಿಯಬೇಕು ಅನ್ನುವ ಮಾತು ಹುಟ್ಟಿದ್ದು ಹೀಟರ್ ಇಲ್ಲದ ಹಳೇ ಫ್ರೆಂಚ್ ಮನೆಗಳ ಕಾಲದಲ್ಲಿ. ಈಗಿನ ಬೆಚ್ಚಗಿನ ಮನೆಗೆ ಅದು ಹೊಂದುವುದಿಲ್ಲ, ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟು ತೆಗೆಯಿರಿ.

ಕತ್ತಿನ ಮೇಲಿನ ತಗಡನ್ನು ಪೂರ್ತಿ ಬಿಚ್ಚಿ. ಕೆಳಗೆ ಬೂಷ್ಟು ಕಂಡರೆ ಹೆದರಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಸುರುಳಿ ಓಪನರ್ ಬದಲು ಎರಡು ತೆಳು ಅಲಗು ಇರುವ ಓಪನರ್ ಕೊಳ್ಳಿ. ಅಲಗುಗಳನ್ನು ಕಾರ್ಕಿನ ಎರಡೂ ಬದಿಗೆ ಮೆಲ್ಲಗೆ ಅಲ್ಲಾಡಿಸುತ್ತಾ ಇಳಿಸಿ, ತಿರುಗಿಸುತ್ತಾ ಮೇಲಕ್ಕೆಳೆದರೆ ಹಳೇ ಕಾರ್ಕ್ ಇಡಿಯಾಗಿ ಬರುತ್ತದೆ.

ಆಮೇಲೆ ಮೇಜಿನ ಮೇಲೆ ಒಂದು ಮೇಣದಬತ್ತಿ ಹಚ್ಚಿ. ಬಾಟಲಿಯ ಭುಜ ಅದರ ಬೆಳಕಿಗೆ ನೇರ ಬರುವಂತೆ ಹಿಡಿದು, ಸ್ವಚ್ಛವಾದ ಗಾಜಿನ ಜಗ್ಗಿಗೆ ಒಂದೇ ಧಾರೆಯಲ್ಲಿ, ಎಲ್ಲೂ ನಿಲ್ಲಿಸದೆ ಬಸಿಯಿರಿ. ಮೊದಲು ತಿಳಿ ಕೆಂಪು ಹರಿಯುತ್ತದೆ, ದೀಪ ಅದರ ಮೂಲಕ ಕಾಣುತ್ತದೆ. ಕೊನೆಗೆ ಭುಜದ ತಿರುವಿನಲ್ಲಿ ಊದುಬತ್ತಿ ಹೊಗೆಯಂಥ ಒಂದು ಕಪ್ಪು ಎಳೆ ತೆವಳಿ ಬರುತ್ತದೆ. ಅದು ಕತ್ತಿಗೆ ಬಂದ ಕೂಡಲೇ ಕೈ ನಿಲ್ಲಿಸಿ. ತಳದಲ್ಲಿ ಎರಡು ಬೆರಳಷ್ಟು ಉಳಿದರೆ ಉಳಿಯಲಿ, ತುಪ್ಪ ಕಾಸಿದಾಗ ಗಸಿ ಬಿಡುವುದಿಲ್ಲವೇ, ಹಾಗೆ.

ತಕ್ಷಣ ದೊಡ್ಡ ಗ್ಲಾಸಿಗೆ ಕಾಲು ಭಾಗ ಹಾಕಿಕೊಳ್ಳಿ. ಮೊದಲು ಅಲ್ಲಾಡಿಸದೆ ಸುಮ್ನೆ ಮೂಸಿ. ಆಮೇಲೆ ಒಂದೇ ಸುತ್ತು ತಿರುಗಿಸಿ ಮತ್ತೆ ಮೂಸಿ. ಒಂದು ಗುಟುಕನ್ನು ಬಾಯಲ್ಲಿ ಹತ್ತು ಸೆಕೆಂಡ್ ಇಟ್ಟುಕೊಳ್ಳಿ. ಒಗರು ಒಸಡನ್ನು ಕಚ್ಚುತ್ತದೋ, ಹಳೇ ರೇಷ್ಮೆಯ ಹಾಗೆ ಜಾರುತ್ತದೋ ಗಮನಿಸಿ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯಿತು ಅಂತ ಎಣಿಸಿ. ಗ್ಲಾಸ್ ಖಾಲಿ ಮಾಡಬೇಡಿ. ಹತ್ತು ನಿಮಿಷಕ್ಕೊಮ್ಮೆ ಅದಕ್ಕೇ ಮರಳಿ, ಯಾಕೆಂದರೆ ಮೊದಲು ಮುದುಡಿಕೊಂಡಂತಿದ್ದ ವೈನ್ ಇಪ್ಪತ್ತನೇ ನಿಮಿಷಕ್ಕೆ ಇದ್ದಕ್ಕಿದ್ದಂತೆ ಅರಳಿ, ಒಂದು ಗಂಟೆ ಆದ ಮೇಲೆ ಮೆಲ್ಲಗೆ ಬಾಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಆ ಒಂದು ಗಂಟೆ ಪೂರ್ತಿ ನೀವು ಅದರ ಪಕ್ಕದಲ್ಲೇ ಇರಬೇಕು. ಜನವೂ ಕಡಿಮೆ ಇರಲಿ. ಇಬ್ಬರು, ಹೆಚ್ಚೆಂದರೆ ನಾಲ್ವರು.

ಬಿರಿಯಾನಿ ಇನ್ನೊಂದು ದಿನಕ್ಕಿರಲಿ. ಖಾರ ನಾಲಿಗೆಯನ್ನು ಉರಿಸಿ ಆಲ್ಕೋಹಾಲಿನ ಘಾಟನ್ನು ಮಾತ್ರ ಎತ್ತಿ ತೋರಿಸುತ್ತದೆ. ಉಪ್ಪು ಹಚ್ಚಿ ಸುಟ್ಟ ಎಳೇ ಕುರಿಮಾಂಸ ಮೆಡೊಕ್ ಕಡೆಯ ರೂಢಿ. ಮಾಂಸ ತಿನ್ನದವರು ಬೆಣ್ಣೆಯಲ್ಲಿ ಬಾಡಿಸಿದ ಅಣಬೆ ಮಾಡಿಕೊಳ್ಳಿ, ವೈನಿನೊಳಗಿನ ಅಣಬೆಯ ಕಂಪು ಅದರ ಜೊತೆ ಎದ್ದು ಬರುತ್ತದೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮ ಅಡುಗೆಮನೆ ಅಟ್ಟದ ಮೇಲೆ 2019ರ ಒಂದು ಮಾಮೂಲಿ ಬೋರ್ಡೋ ಇದೆ. ಇಪ್ಪತ್ತು ವರ್ಷ ಇಟ್ಟರೆ ಚೆನ್ನಾಗಿ ಮಾಗುತ್ತಾ?

ಉತ್ತರ: ಇಲ್ಲ, ಈ ವಾರವೇ ಕುಡಿಯಿರಿ. ದಶಕಗಟ್ಟಲೆ ಮಾಗುವ ಶಕ್ತಿ ಕೆಲವೇ ವೈನಿಗಿದೆ. ಅವಕ್ಕೂ 12–13 ಡಿಗ್ರಿಯ ಕತ್ತಲೆ ಜಾಗ ಬೇಕು, ಬಾಟಲಿ ಮಲಗಿರಬೇಕು. ಅಟ್ಟದ ಸೆಖೆಯಲ್ಲಿ ವೈನ್ ಹಿಗ್ಗಿ ಕಾರ್ಕನ್ನು ತಳ್ಳುತ್ತದೆ, ಗಾಳಿ ಒಳಗೆ ಹೋಗುತ್ತದೆ. ಅದು ಮಾಗುವುದಲ್ಲ, ಬೇಯುವುದು.

ಪ್ರಶ್ನೆ: ನೀವು ಹೇಳುವ ತಂಬಾಕು, ಚರ್ಮ ನನಗೆ ಒಂದೂ ಸಿಗುವುದಿಲ್ಲ. ನನ್ನ ಮೂಗೇ ಸರಿಯಿಲ್ಲವಾ?

ಉತ್ತರ: ಮೂಗು ಸರಿಯಾಗಿಯೇ ಇದೆ. ಬೋರ್ಡೋದಲ್ಲಿ ವೈನ್ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ವೈಟ್ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ರೆಡ್ ವೈನಿಗೆ ಬಳಸುವ ಪದಗಳಲ್ಲೇ ಅದನ್ನು ಬಣ್ಣಿಸಿದರು. 2001ರಲ್ಲಿ ಪ್ರಕಟವಾದ ಅಧ್ಯಯನ ಅದು. ಕಣ್ಣು ಮೂಗಿಗೆ ಹೇಳಿಕೊಡುತ್ತದೆ, ಓದಿದ ಪದಗಳೂ ಹೇಳಿಕೊಡುತ್ತವೆ. ಹಾಗಾಗಿ ನನ್ನ ಪದಗಳನ್ನು ಬಿಡಿ, ನಿಮ್ಮ ಮನೆಯವನ್ನೇ ಹಿಡಿಯಿರಿ. ಅಜ್ಜಿಯ ಮರದ ಪೆಟ್ಟಿಗೆ, ಒಣ ಅಂಜೂರ, ಎಲೆಅಡಿಕೆ ಸಂಚಿ, ಯಾವುದಾದರೂ ಸರಿ. ದಿನಾ ಅಡುಗೆ ಮಾಡುವಾಗ ಮಸಾಲೆ ಡಬ್ಬಿಯ ಒಂದೊಂದು ಬಟ್ಟಲನ್ನು ಕಣ್ಣು ಮುಚ್ಚಿ ಮೂಸಿ ಹೆಸರು ಹೇಳುವ ಅಭ್ಯಾಸ ಮಾಡಿ. ಧನಿಯಾ, ಜೀರಿಗೆ ಸುಲಭ. ಲವಂಗದ ಪುಡಿ, ಚಕ್ಕೆ ಪುಡಿಯಲ್ಲಿ ಎಡವುತ್ತೀರಿ, ನಾನೂ ಎಡವಿದ್ದೆ. ಒಂದು ತಿಂಗಳು ಬಿಡದೆ ಮಾಡಿ, ಆಮೇಲೆ ಗ್ಲಾಸ್ ಹಿಡಿಯಿರಿ.