ರೈಟ್ ಔಟ್ ಹುಡುಗನನ್ನು ಸ್ವಲ್ಪ ಅಲ್ಲೇ ಬಿಡ್ರಿ

ಹುಬ್ಬಳ್ಳಿ ಕೇಶ್ವಾಪುರದ ಓದುಗರೊಬ್ಬರು ಮೂರು ಹಾಳೆ ತುಂಬ ಬರೆದಿದ್ದಾರೆ. ಅವರ ಸಂಜೆ ಗುಂಪಿನಲ್ಲಿ ಒಂದು ತಿಂಗಳಿಂದ ಒಂದೇ ಜಗಳ. ಅವರ ಓಣಿಯ ಫುಟ್‌ಬಾಲ್ ತಂಡದಲ್ಲಿ 17 ವರ್ಷದ ಹುಡುಗನೊಬ್ಬ ರೈಟ್ ಔಟ್, ಅಂದರೆ ಮೈದಾನದ ಅಂಚಿನ ಗೆರೆ ಹಿಡಿದು ಬಲಗಡೆ ವಿಂಗ್‌ನಲ್ಲಿ ಆಡುತ್ತಾನೆ. ಒಳ್ಳೆ ಓಟ, ಒಳ್ಳೆ ಕಾಲು. ತಂಡದಲ್ಲಿ ಗೋಲು ಹೊಡೆಯುವವರು ಮಾತ್ರ ಇಲ್ಲ. ‘ಇವನನ್ನೇ ನಡುವೆ ತಂದು ಸ್ಟ್ರೈಕರ್ ಮಾಡಿದರೆ ಏನು ತಪ್ಪು? ಫ್ರಾನ್ಸಿನ ಥಿಯೆರಿ ಹೆನ್ರಿಯನ್ನು ಹಾಗೇ ಮಾಡಲಿಲ್ವಾ? ಬೇಡ ಎನ್ನುವವರಿಗೆ ನೀವಾದರೂ ಬುದ್ಧಿ ಹೇಳಿ’ ಎಂದು ಕೇಳಿದ್ದಾರೆ.

ಬುದ್ಧಿ ಹೇಳುತ್ತೇನೆ, ಆದರೆ ನಿಮಗೇ. ಬೇಜಾರು ಮಾಡ್ಕೋಬೇಡಿ. ಇಷ್ಟು ಪ್ರೀತಿಯಿಂದ ಫುಟ್‌ಬಾಲ್ ಬಗ್ಗೆ ಯಾರಾದರೂ ಬರೆದು ಎಷ್ಟು ದಿನವಾಗಿತ್ತೋ! ನಮ್ಮ ಟಪಾಲಿನಲ್ಲಿ ಕ್ರಿಕೆಟ್ ಬಿಟ್ಟರೆ ರಾಜಕಾರಣ, ರಾಜಕಾರಣ ಬಿಟ್ಟರೆ ಕ್ರಿಕೆಟ್.

ನೀವು ಹೇಳುವುದರಲ್ಲಿ ಹುರುಳಿಲ್ಲ ಎನ್ನಲಾರೆ. ವಿಂಗ್‌ನಿಂದ ಒಳಗೆ ಬಂದು ದೊಡ್ಡವರಾದವರು ಇದ್ದಾರೆ. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಗೆರೆ ಹಿಡಿದು ಆಡುತ್ತಿದ್ದ ರೊನಾಲ್ಡೊ ಮುಂದೆ ಏನಾದ ಎಂದು ನಾನು ಹೇಳಬೇಕಾಗಿಲ್ಲ. ಸರಿ, ಅದು ನಿಮ್ಮ ಕಡೆಗೆ.

ಈಗ ನಿಮ್ಮ ಹೆನ್ರಿ ಕಥೆಗೆ ಬರೋಣ. ಎಲ್ಲರೂ ಅದರ ಕೊನೆಯನ್ನಷ್ಟೇ ನೆನಪಿಟ್ಟುಕೊಂಡಿರುತ್ತಾರೆ, ಇಂಗ್ಲೆಂಡಿನ ಆರ್ಸೆನಲ್‌ಗೆ 228 ಗೋಲು. ಶುರುವಾತು ಹೇಗಿತ್ತು? 1999ರ ಆಗಸ್ಟ್‌ನಲ್ಲಿ ಅವನು ಆರ್ಸೆನಲ್‌ಗೆ ಬಂದಾಗ 22 ತುಂಬಲು ಕೆಲವೇ ದಿನ ಇತ್ತು. ಹಿಂದಿನ ವರ್ಷವೇ ಫ್ರಾನ್ಸ್ ಜೊತೆ ವಿಶ್ವಕಪ್ ಗೆದ್ದಿದ್ದ. ಅವನನ್ನು ನಡುವೆ ನಿಲ್ಲಿಸಿದ ಕೋಚ್ ವೆಂಗರ್ ನಿನ್ನೆ ಮೊನ್ನೆ ಪರಿಚಯವಾದವರಲ್ಲ. 1994ರಲ್ಲಿ ಮೊನಾಕೊ ತಂಡದಲ್ಲಿ 17ರ ಹುಡುಗನಾಗಿದ್ದಾಗ ಅವನನ್ನು ಮೊದಲು ಕಣಕ್ಕಿಳಿಸಿದವರೂ ಅವರೇ. ಆಗ ಆಡಿಸಿದ್ದು ವಿಂಗ್‌ನಲ್ಲಿ! ನಿಮ್ಮ ಹುಡುಗನ ವಯಸ್ಸು ಎಷ್ಟು ಅಂದ್ರಿ? ಇಷ್ಟಾದರೂ ಆರ್ಸೆನಲ್‌ನ ಮೊದಲ ಎಂಟು ಪಂದ್ಯಗಳಲ್ಲಿ ಹೆನ್ರಿಗೆ ಒಂದೂ ಗೋಲು ಬರಲಿಲ್ಲ. ವೆಂಗರ್ ಕಾದರು. ನಿಮ್ಮ ಗುಂಪು ಎಂಟು ಪಂದ್ಯ ಕಾಯುತ್ತದಾ? ಎರಡನೇ ಪಂದ್ಯದ ಅರ್ಧಕ್ಕೇ ‘ಏ, ಇವನ್ನ ತೆಗೀರಿ ಹೊರಗ’ ಎಂಬ ಕೂಗು ನನಗೆ ಇಲ್ಲಿಗೇ ಕೇಳಿಸುತ್ತಿದೆ.

ಅದೇ ವೆಂಗರ್ ಕೈಯಲ್ಲಿ ಥಿಯೋ ವಾಲ್ಕಾಟ್ ಕೂಡ ಇದ್ದ. ಅವನಿಗೂ ನಡುವೆ ಆಡುವ ಆಸೆ. 2012ರ ಡಿಸೆಂಬರ್‌ನಲ್ಲಿ ನ್ಯೂಕ್ಯಾಸಲ್ ವಿರುದ್ಧ ನಡುವೆ ನಿಂತು ಮೂರು ಗೋಲು ಹೊಡೆದ. ಆದರೂ ಹೆಚ್ಚಿನ ದಿನ ಆಡಿದ್ದು ಬಲಗಡೆಯ ಗೆರೆಯಲ್ಲೇ.

ವಿಂಗ್‌ನವನಿಗೂ ಸ್ಟ್ರೈಕರ್‌ಗೂ ಇರುವ ಅಂತರ ಹತ್ತು ಹೆಜ್ಜೆಯದಲ್ಲ. ವಿಂಗ್‌ನಲ್ಲಿ ಚೆಂಡು ಬಂದಾಗ ಮೈದಾನ ಕಣ್ಣ ಮುಂದೆ ಇರುತ್ತದೆ. ಒಂದು ಕಡೆ ಗೆರೆ, ಅಲ್ಲಿಂದ ಯಾರೂ ಮೈಮೇಲೆ ಬರಲ್ಲ. ನಡುವೆ ಬಂದರೆ ಗೋಲಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಬೆನ್ನಿಗೆ ಒಬ್ಬ ಅಂಟಿಕೊಂಡಿರುತ್ತಾನೆ, ಅವನ ಮೊಣಕೈ ಪಕ್ಕೆಗೆ ತಾಗುತ್ತಿರುತ್ತದೆ. ಚೆಂಡು ಬರುವ ಮೊದಲೇ ಭುಜದ ಮೇಲಿಂದ ಹಿಂದೆ ನೋಡಿರಬೇಕು.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಧಾರವಾಡದಲ್ಲಿ ಕಾಲೇಜು ಓದುವಾಗ ನಾನು ಹಾಸ್ಟೆಲ್ ತಂಡದ ಗೋಲಿ, ಅಂದರೆ ಗೋಲ್ ಕಾಯುವವನು. (ಆಟ ಬರದವನನ್ನು ಗೋಲಿ ಮಾಡುವುದು ಆಗಿನ ಪದ್ಧತಿ.) ನಮ್ಮಲ್ಲಿ ಲೆಫ್ಟ್ ಔಟ್ ಆಡುವ ಗೆಳೆಯನೊಬ್ಬ ಇದ್ದ. ಚೆಂಡು ಕಾಲಿಗೆ ಹೊಲಿದಂತೆ ಓಡುತ್ತಿದ್ದ. ಫೈನಲ್ ದಿನ ನಡುವೆ ಆಡುವ ನಮ್ಮ ಸೆಂಟರ್ ಫಾರ್ವರ್ಡ್‌ಗೆ ಜ್ವರ. ತಂಡ ನೋಡಿಕೊಳ್ಳುತ್ತಿದ್ದ ಮಾಸ್ತರರು ‘ನೀನ ಒಳಗ ಬಾ’ ಅಂದರು. ಬೆಳಿಗ್ಗೆಯಿಂದ ಧಾರವಾಡದ ಜಿಟಿಜಿಟಿ ಮಳೆ. ಎರಿಮಣ್ಣು ಬೂಟಿಗೆ ಮೆತ್ತಿ ಒಂದೊಂದು ಕಾಲಿಗೆ ಒಂದೊಂದು ಇಟ್ಟಿಗೆ ಕಟ್ಟಿದಂತಾಗಿತ್ತು. ಹಾಫ್‌ಟೈಮಿಗೆ ಅವನು ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ಕಡ್ಡಿಯಿಂದ ಬೂಟಿನ ಮಣ್ಣು ಕೆರೆಯುತ್ತಾ ಮೆಲ್ಲಗೆ ಹೇಳಿದ, ‘ಲೇ, ನನಗ ಗೋಲ್ ಎಲ್ಲೈತಿ ಅಂತನ ಗೊತ್ತಾಗವಲ್ದು.’ ಎರಡು ಗೋಲಿನಿಂದ ಸೋತೆವು. ಅದರಲ್ಲಿ ಒಂದು ನನ್ನ ಕೃಪೆ. ಬೈಸಿಕೊಂಡವನು ಮಾತ್ರ ಅವನು. ಮರುವರ್ಷ ಅವನು ಪ್ರಾಕ್ಟೀಸಿಗೇ ಬರಲಿಲ್ಲ.

ಧಾರವಾಡದ ಮಾತು ಬಂತು, ಅಲ್ಲಿಯ ಓದುಗರು ಈಗಾಗಲೇ ಪೆನ್ನು ಹಿಡಿದಿರುತ್ತಾರೆ. ‘ಗಾಯಕ ಮಲ್ಲಿಕಾರ್ಜುನ ಮನ್ಸೂರರು ಗ್ವಾಲಿಯರ್ ಗಾಯನ ಶೈಲಿಯಿಂದ ಜೈಪುರ ಘರಾಣೆಗೆ ಬರಲಿಲ್ಲವೇನು?’ ಬಂದರು. ಆದರೆ ಮೊದಲು ಮಿರಜಿನ ನೀಲಕಂಠ ಬುವಾ ಅವರ ಹತ್ತಿರ ವರ್ಷಗಟ್ಟಲೆ ಕೂತು ಒಂದು ದಾರಿ ಗಟ್ಟಿ ಮಾಡಿಕೊಂಡರು. ಆಮೇಲೆ ಜೈಪುರ ಘರಾಣೆಯ ಮಂಜಿಖಾನರ ಹತ್ತಿರ ಹೋದರು, ಅವರು ತೀರಿಕೊಂಡ ಮೇಲೆ ಬುರ್ಜಿಖಾನರ ಹತ್ತಿರ. ಜೈಪುರದವರ ಬೈಠಕ್ಕಿನಲ್ಲಿ ಒಂದು ಜಾಗ ಖಾಲಿ ಇದೆ, ನೀ ಹೋಗಿ ಕೂಡು ಎಂದು ಯಾರೂ ಅವರನ್ನು ಕಳಿಸಿರಲಿಲ್ಲ.

ನನ್ನ ಸಿಟ್ಟು ಇರುವುದು ಗೋಲಿನ ಮುಂದಿನ ಆ ‘ಖಾಲಿ ಜಾಗ’ದ ಮೇಲೆ. ಅದು ಖಾಲಿ ಯಾಕಾಯಿತು? ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ಶುರುವಾದಾಗ ಹನ್ನೊಂದರಲ್ಲಿ ಆರು ಜನ ವಿದೇಶಿಯರು ಆಡಬಹುದಿತ್ತು. ಆಮೇಲೆ ಅದು ಐದಾಯಿತು, ನಾಲ್ಕಾಯಿತು. ದುಡ್ಡು ಕೊಟ್ಟು ತಂದವರನ್ನು ಕ್ಲಬ್‌ಗಳು ಗೋಲಿನ ಮುಂದೆಯೇ ನಿಲ್ಲಿಸಿದವು. ನಮ್ಮ ಹುಡುಗರು ಅಂಚಿಗೆ ಸರಿದರು. ಸುನಿಲ್ ಛೆಟ್ರಿ ಅಂಥವರೇ 2017-18ರಲ್ಲಿ ಬೆಂಗಳೂರು ಎಫ್‌ಸಿಗೆ ಎಡಗಡೆಯಿಂದ ಆಡಿ 14 ಗೋಲು ಹೊಡೆದರು. ನಡುವೆ ನಿಂತವನು ವೆನೆಜುವೆಲಾದ ಮಿಕು. 2024ರ ಜೂನ್‌ನಲ್ಲಿ 94 ಗೋಲಿನ ಲೆಕ್ಕ ಮುಗಿಸಿ ದೇಶದ ತಂಡ ಬಿಟ್ಟ ಛೆಟ್ರಿಯನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಕರೆದರು. ಆಗ ಅವರಿಗೆ 40 ವರ್ಷ! ಬಂದವರೇ ಮಾಲ್ಡೀವ್ಸ್ ಮೇಲೆ ಗೋಲು ಹೊಡೆದರು. ಖುಷಿಪಡಬೇಕೋ ನಾಚಿಕೊಳ್ಳಬೇಕೋ ತಿಳಿಯಲಿಲ್ಲ.

ಎಂಟು ವರ್ಷದ ಮಕ್ಕಳನ್ನು ಗೋಲಿನ ಮುಂದೆ ಬಿಟ್ಟು ಹತ್ತು ವರ್ಷ ಆಡಿಸಿದರೆ ಸ್ಟ್ರೈಕರ್ ಹುಟ್ಟುತ್ತಾನೆ. ಆಡಿಸಲಿಕ್ಕೆ ಜಾಗ ಎಲ್ಲಿದೆ? ನಮ್ಮೂರುಗಳ ಮೈದಾನದಲ್ಲಿ ಇವತ್ತು ಸಭೆ, ನಾಳೆ ಎಕ್ಸಿಬಿಷನ್, ನಾಡಿದ್ದು ಯಾರದೋ ಮದುವೆಗೆ ಬಂದ ಕಾರುಗಳು. ಪೆಂಡಾಲಿನ ಗೂಟ ಕಿತ್ತ ಕುಳಿಗಳನ್ನು ಯಾರೂ ಮುಚ್ಚಲ್ಲ. ಅದರಲ್ಲಿ ಕಾಲು ಹೊರಳಿದ ಹುಡುಗರು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಇಷ್ಟರ ಮೇಲೆ ಹತ್ತನೇ ಕ್ಲಾಸ್ ಬಂತೋ, ಬೂಟು ಅಟ್ಟಕ್ಕೆ. ಚಿತ್ರ ಬರೆಯುವವನೂ ಸೈನ್ಸ್, ತಬಲಾ ಬಾರಿಸುವವನೂ ಸೈನ್ಸ್. ಅದೂ ಒಂದು ಥರ ವಿಂಗ್‌ನವನನ್ನು ಎಳೆದು ನಡುವೆ ನಿಲ್ಲಿಸುವುದೇ, ಅಲ್ವಾ?

ಓಣಿಯ ತಂಡದ ಮಾತು ಎಲ್ಲಿಗೋ ಹೋಯಿತು, ಕ್ಷಮಿಸಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗುಂಪಿನಲ್ಲಿ ಯಾರು ಏನಂದರು ಅಂತೆಲ್ಲ ಇದೆ. ಚಹಾದ ಬಿಲ್ಲು ಕೊಡದೆ ಎದ್ದು ಹೋದವರ ಸುದ್ದಿಯೂ ಇದೆ. ಆ ಹುಡುಗ ಏನಂತಾನೆ ಎಂಬುದು ಮಾತ್ರ ಮೂರು ಹಾಳೆಯಲ್ಲಿ ಎಲ್ಲೂ ಇಲ್ಲ. ಒಂದು ಸಲ ಅವನನ್ನು ಕೇಳಿ ಬರೆಯಿರಿ. ಅವನು ‘ನಾ ಒಳಗ ಆಡ್ತೀನ್ರಿ’ ಅಂದರೆ ಇಷ್ಟುದ್ದ ಬರೆದದ್ದನ್ನು ನಾನೇ ವಾಪಸ್ ತಗೊಳ್ತೇನೆ. ಮುಂದಿನ ಪಂದ್ಯ ಯಾವಾಗ ಅಂತಲೂ ತಿಳಿಸಿ. ಹುಬ್ಬಳ್ಳಿಗೆ ಬಂದು ಬಲಗಡೆ ಗೆರೆಯ ಹತ್ತಿರ ನಿಲ್ಲುತ್ತೇನೆ. ಗಿರ್ಮಿಟ್ ಖರ್ಚು ನಿಮ್ಮದು.