ಸೈಕಲ್ ಪಥಕ್ಕೆ ಟೋಲ್ ಹಾಕಿದರೆ ಖರ್ಚು ಹುಟ್ಟುತ್ತದೆಯೇ?

ದಿನಾ ಕೆಲಸಕ್ಕೆ ಸೈಕಲ್‌ನಲ್ಲಿ ಹೋಗುವವರಿಗೆ ಪ್ರತ್ಯೇಕ ಪಥ ಕಟ್ಟಿ, ಅದರ ಖರ್ಚನ್ನು ಸವಾರರ ಶುಲ್ಕದಿಂದಲೇ ಎತ್ತಬಹುದಾ ಅಂತ ಕೇಳಿದ್ದೀರಿ. ಕಟ್ಟಿದ ಖರ್ಚು ಹುಟ್ಟುವುದಿಲ್ಲ. ನಿರ್ವಹಣೆಯ ಒಂದು ಪಾಲು ಹುಟ್ಟಬಹುದು, ಅದೂ ಶುಲ್ಕವನ್ನು ಪಥದ ಮೇಲೆ ಕೇಳದೆ ಪಥದ ತುದಿಯಲ್ಲಿ ಕೇಳಿದರೆ.

ಮೊದಲು ಗೇಟಿನ ಲೆಕ್ಕ ಹಾಕಿ. ಹಗಲು ರಾತ್ರಿ ಒಂದು ಗೇಟು ಕಾಯಲು ಮೂರು ಪಾಳಿ; ವಾರದ ರಜೆ, ಕಾಯಿಲೆ ಸೇರಿಸಿದರೆ ಐದು ಜನ ಬೇಕು. ದಿನಕ್ಕೆ 1,000 ಸವಾರಿ, ತಿಂಗಳಿಗೆ 22 ಕೆಲಸದ ದಿನ ಅಂದುಕೊಂಡರೆ 22,000 ಸವಾರಿ. ಐದು ಜನರ ತಿಂಗಳ ಸಂಬಳವನ್ನು 22,000ದಿಂದ ಭಾಗಿಸಿ. ಬಂದ ಮೊತ್ತ ಗೇಟು ತನ್ನ ಹೊಟ್ಟೆ ಹೊರೆಯಲು ಬೇಕಾದ ಶುಲ್ಕ ಮಾತ್ರ, ಪಥಕ್ಕೆ ಇನ್ನೂ ಒಂದು ಕಾಸೂ ಸೇರಿಲ್ಲ. ಇದು ಒಂದೇ ಗೇಟಿದ್ದರೆ. ಕೆಲಸಕ್ಕೆ ಹೋಗುವವರ ಪಥಕ್ಕೆ ಅಡ್ಡರಸ್ತೆ ಸಿಕ್ಕಲ್ಲೆಲ್ಲ ಹತ್ತುವ, ಇಳಿಯುವ ದಾರಿ ಇರಬೇಕು; ಬೇಲಿ ಹಾಕಿ ಎರಡೇ ಬಾಗಿಲು ಬಿಟ್ಟರೆ ಅರ್ಧ ಜನಕ್ಕೆ ಅದರಿಂದ ಉಪಯೋಗವೇ ಇಲ್ಲ.

ಗೇಟಿನಲ್ಲಿ ಒಬ್ಬೊಬ್ಬರಿಗೆ 5 ಸೆಕೆಂಡ್ ಹಿಡಿದರೂ ಗಂಟೆಗೆ ದಾಟುವುದು 720 ಜನ. ಬೆಳಗಿನ ದಟ್ಟಣೆಯಲ್ಲಿ ಅಲ್ಲೇ ಸಾಲು. ಸವಾರ ಸೇರಿ 85 ಕೆಜಿ ತೂಗುವ ಸೈಕಲ್ ಗಂಟೆಗೆ 18 ಕಿ.ಮೀ. ವೇಗದಿಂದ ಪೂರ್ತಿ ನಿಂತು ಮತ್ತೆ ಅದೇ ವೇಗಕ್ಕೆ ಬರಲು, ಸಮತಟ್ಟಾದ ದಾರಿಯಲ್ಲಿ 75 ಮೀಟರ್ ತುಳಿದಷ್ಟು ಶಕ್ತಿ ಹೆಚ್ಚುವರಿ ಖರ್ಚಾಗುತ್ತದೆ. ಕಾರಿನವರಿಗೆ ಇದು ಗೊತ್ತಾಗುವುದೇ ಇಲ್ಲ, ಕಾಲಿಗೆ ಗೊತ್ತಾಗುತ್ತದೆ. ಪಕ್ಕದ ರಸ್ತೆ ಪುಕ್ಕಟೆ ಇರುವಾಗ ಎರಡು ಕಿಲೋಮೀಟರಿಗೆ ಬರುವವರು ಮೊದಲು ಜಾರಿಕೊಳ್ಳುತ್ತಾರೆ. ಆ ರಸ್ತೆಯ ಅಪಾಯದಿಂದ ತಪ್ಪಿಸಲೆಂದೇ ಅಲ್ಲವೇ ಪಥ ಕಟ್ಟಿದ್ದು?

ಸಿಬ್ಬಂದಿ ಬೇಡ, ರೇಡಿಯೋ ಅಲೆಗಳಿಂದ ದೂರದಲ್ಲೇ ಓದಬಹುದಾದ ಟ್ಯಾಗ್ (ಆರ್‌ಎಫ್‌ಐಡಿ) ಅಂಟಿಸೋಣ ಅನ್ನುವವರಿದ್ದಾರೆ. ಸಾಮಾನ್ಯ ಆರ್‌ಎಫ್‌ಐಡಿ ಸ್ಟಿಕ್ಕರ್ ಅನ್ನು ಲೋಹದ ಫ್ರೇಮಿಗೆ ನೇರ ಅಂಟಿಸಿದರೆ ಸರಿಯಾಗಿ ಓದಲು ಬರುವುದಿಲ್ಲ. ಲೋಹದ ಮೇಲೆ ಕೆಲಸ ಮಾಡುವಂಥ, ಹಿಂಬದಿಯಲ್ಲಿ ದಪ್ಪ ಪದರವಿರುವ ಟ್ಯಾಗ್ ಬೇಕು. ಸೀಟಿನ ಕೆಳಗೆ ಹಾಕಿದರೆ ಸವಾರನ ಮೈಯೇ ಅಲೆಗಳನ್ನು ಹೀರುತ್ತದೆ. ಹ್ಯಾಂಡಲ್ ಮುಂದೆ ಪ್ಲಾಸ್ಟಿಕ್ ತುಂಡಿನ ಮೇಲೆ ಹಾಕುವುದು ವಾಸಿ. ಇಷ್ಟೆಲ್ಲ ಸರಿಹೋದರೂ ಟ್ಯಾಗ್ ಇಲ್ಲದವನನ್ನು ಹಿಡಿಯುವುದು ಹೇಗೆ? ಕಾರಿನ ಟೋಲ್ ನಿಂತಿರುವುದೇ ನಂಬರ್ ಪ್ಲೇಟಿನ ಮೇಲೆ, ಸೈಕಲ್‌ಗೆ ಅದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 1924ರಿಂದ 1941ರವರೆಗೆ ಸೈಕಲ್ ತೆರಿಗೆ ಇತ್ತು, ಕಟ್ಟಿದವರಿಗೆ ಲೋಹದ ಬಿಲ್ಲೆ. ಬಡವರಿಗೆ ಉಚಿತ ಬಿಲ್ಲೆಯೂ ಇತ್ತು, ಆದರೆ ಅದರಲ್ಲಿ ತೂತು ಕೊರೆದಿರುತ್ತಿದ್ದರು, ನೋಡಿದ ಕೂಡಲೇ ತಿಳಿಯಲಿ ಅಂತ. ರಿಯಾಯಿತಿ ಕೊಡುವ ಆಲೋಚನೆ ಇದ್ದರೆ ಈ ತೂತು ನೆನಪಿರಲಿ.

ಬಳಸಿದಷ್ಟು ಸವೆಯುತ್ತದೆ, ಆದ್ದರಿಂದ ಬಳಸಿದವರು ಕೊಡಲಿ ಎಂಬ ವಾದವೂ ಇಲ್ಲಿ ನಿಲ್ಲುವುದಿಲ್ಲ. ರಸ್ತೆಯ ಸವೆತ ಸುಮಾರಾಗಿ ಅಚ್ಚಿನ (ಆಕ್ಸಲ್‌ನ) ಭಾರದ ನಾಲ್ಕನೇ ಘಾತದಂತೆ ಏರುತ್ತದೆ. 50 ಕೆಜಿಯ ಸೈಕಲ್ ಅಚ್ಚು, 750 ಕೆಜಿಯ ಕಾರಿನ ಅಚ್ಚು: ಭಾರ 15 ಪಟ್ಟು, ಸವೆತ 50,000 ಪಟ್ಟಿಗೂ ಮೀರಿ. ಪಥವನ್ನು ಹಾಳುಮಾಡುವುದು ನಿಂತ ನೀರು, ಮರದ ಬೇರು, ದುರಸ್ತಿಗೆ ಬರುವ ಲಾರಿ. ಸವಾರರು ದುಪ್ಪಟ್ಟಾದರೂ ಆ ಖರ್ಚು ಹೆಚ್ಚುಕಡಿಮೆ ಅಷ್ಟೇ.

ಹಾಗಾದರೆ ಶುಲ್ಕ ಎಲ್ಲಿ ನಡೆಯುತ್ತದೆ? ಬೇರೆ ದಾರಿಯೇ ಇಲ್ಲದ ಸೇತುವೆ, ಸುರಂಗಗಳಲ್ಲಿ. ಅಲ್ಲೂ ಖಾತರಿಯಿಲ್ಲ: ಜಪಾನಿನ ಶಿಮಾನಾಮಿ ಕೈದೊ ಸೇತುವೆಗಳಲ್ಲಿ ಸೈಕಲ್‌ನವರು ಪೆಟ್ಟಿಗೆಗೆ ನಾಣ್ಯ ಹಾಕಬೇಕಿತ್ತು, 2014ರಲ್ಲಿ ಅದನ್ನು ಮನ್ನಾ ಮಾಡಿದರು. 1900ರಲ್ಲಿ ಅಮೆರಿಕದ ಪಸಡೀನಾದಲ್ಲಿ ತೆರೆದ ಮರದ ಎತ್ತರಿಸಿದ ಪಥದ ಟೋಲ್ 10 ಸೆಂಟ್. 9 ಮೈಲಿಯ ಯೋಜನೆ ಒಂದೂಕಾಲು ಮೈಲಿಗೇ ನಿಂತಿತು. ಅದೇ ದೇಶದ ವಿಸ್ಕಾನ್ಸಿನ್ ರಾಜ್ಯದಲ್ಲಿ ಸೈಕಲ್ ದಾರಿಗಳಿಗೆ ಹಣ ಕೊಟ್ಟು ಕೊಳ್ಳುವ ಟ್ರೇಲ್ ಪಾಸ್ ನಡೆಯುತ್ತಿದೆ ನಿಜ, ಆದರೆ ಆ ದಾರಿಗಳಿಗೆ ಹೆಚ್ಚಾಗಿ ಬರುವುದು ವಿಹಾರಕ್ಕೆ ಹೊರಟವರು.

ನನ್ನನ್ನು ಕೇಳಿದರೆ, ಪಥ ಪುಕ್ಕಟೆ ಇರಲಿ, ಕಾವಲಿರುವ ಸೈಕಲ್ ನಿಲ್ದಾಣಕ್ಕೆ ಹಣ ತೆಗೆದುಕೊಳ್ಳಿ. ಅಲ್ಲಿ ಬಾಗಿಲು ಹೇಗೂ ಇರುತ್ತದೆ, ಸವಾರ ಹೇಗೂ ಇಳಿದಿರುತ್ತಾನೆ, ಕೊಂಡುಕೊಳ್ಳುವುದು ಕಳ್ಳತನದಿಂದ ರಕ್ಷಣೆ. ಡಚ್ ರೈಲು ನಿಲ್ದಾಣಗಳಲ್ಲಿರುವಂತೆ ಮೊದಲ 24 ಗಂಟೆ ಉಚಿತ, ಆಮೇಲೆ ಶುಲ್ಕ ಅಂತ ಇಟ್ಟರೆ ದಿನಾ ಬರುವವರಿಗೆ ಭಾರವಿಲ್ಲ, ತಿಂಗಳುಗಟ್ಟಲೆ ಬಿಟ್ಟುಹೋದ ಸೈಕಲ್‌ಗಳೂ ಜಾಗ ತಿನ್ನುವುದಿಲ್ಲ. ಒಂದೇ ಮಟ್ಟದ ಸ್ಟ್ಯಾಂಡಾದರೆ ಸೈಕಲ್‌ಗೆ 65 ಸೆಂ.ಮೀ. ಅಗಲ ಬಿಡಿ, ಒಂದು ಎತ್ತರ ಒಂದು ತಗ್ಗು ಇಟ್ಟರೆ 40 ಸಾಕು. ಇದಕ್ಕಿಂತ ಒತ್ತಿದರೆ ಹ್ಯಾಂಡಲ್‌ಗಳು ಒಂದಕ್ಕೊಂದು ಸಿಕ್ಕಿಕೊಂಡು, ಬ್ರೇಕ್ ಕೇಬಲ್ ಕಿತ್ತು, ಜನ ಹೊರಗಿನ ಕಂಬಕ್ಕೇ ಸೈಕಲ್ ಕಟ್ಟುತ್ತಾರೆ.

ಎಷ್ಟು ಸ್ಟ್ಯಾಂಡ್ ಬೇಕೆಂದು ತಿಳಿಯಲು ಕನಿಷ್ಠ ಎರಡು ವಾರ, ಮಳೆಯ ದಿನಗಳೂ ಸೇರುವಂತೆ, ಬೆಳಿಗ್ಗೆ ಸಂಜೆ ತಲೆ ಎಣಿಸಿ. ಸಂಜೆಯ ಎಣಿಕೆ ಬೆಳಗಿನದಕ್ಕಿಂತ ತೀರಾ ಕಡಿಮೆ ಬಂದರೆ ಪಥದ ದೀಪಗಳು ಉರಿಯುತ್ತಿವೆಯೇ ಅಂತ ಮೊದಲು ನೋಡಿ.